ಮಾರ್ಚ್‌ನಲ್ಲಿ ಇಟಲಿ, ಐದು ರಾತ್ರಿ, ಜೊತೆಗೆ ಅವ್ವ: ಯಾವ ಊರು?

ಖಡಕ್ ರೊಟ್ಟಿ, ಮ್ಯೂನಿಕ್

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಆರು ವರ್ಷದಿಂದ ಮ್ಯೂನಿಕ್‌ನಲ್ಲಿ ಕೆಲಸ. 2027ರ ಫೆಬ್ರವರಿ ಕೊನೆಗೆ ಅವ್ವ ಇಲ್ಲಿಗೆ ಬರುತ್ತಿದ್ದಾಳೆ. ಯುಗಾದಿ ಏಪ್ರಿಲ್ 7ಕ್ಕೆ ಇದೆ. ಅಷ್ಟರೊಳಗೆ ಅವಳು ಊರಲ್ಲಿರಬೇಕು, ಅದರಲ್ಲಿ ಎರಡು ಮಾತಿಲ್ಲ. ನಡುವೆ ಒಂದು ಸಲ ಇಟಲಿ ತೋರಿಸಬೇಕು ಅಂತ ನನ್ನ ಆಸೆ.

ನಾನು ಹಾಕಿರುವ ಲೆಕ್ಕ ಇದು. ಮಾರ್ಚ್ 25 ಗುರುವಾರ ಹೊರಟು 30ಕ್ಕೆ ವಾಪಸ್. 26 ಗುಡ್ ಫ್ರೈಡೇ, 29 ಈಸ್ಟರ್ ಸೋಮವಾರ, ಇಲ್ಲಿ ಎರಡೂ ದಿನ ಸಾರ್ವಜನಿಕ ರಜೆ. ನಾನು ಎರಡೇ ದಿನ ರಜೆ ಹಾಕಿದರೆ ಸಾಕು. ವೆನಿಸ್ ಒಂದು ರಾತ್ರಿ, ಫ್ಲಾರೆನ್ಸ್ ಎರಡು, ರೋಮ್ ಎರಡು. ದಾರಿಯಲ್ಲಿ ಪೀಸಾದ ಗೋಪುರ.

ಅವ್ವನ ಬಗ್ಗೆ: 66 ವರ್ಷ. ಸಪಾಟು ನೆಲದಲ್ಲಿ ಮೂರು ಕಿಲೋಮೀಟರ್ ಆರಾಮಾಗಿ ನಡೆಯುತ್ತಾಳೆ, ಮೆಟ್ಟಿಲು ಬಂದರೆ ಮೊಣಕಾಲು ಕೈಕೊಡುತ್ತದೆ. ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಡೆಯುತ್ತದೆ. ಹೇಳಿ, ಎಲ್ಲಿ ತಪ್ಪುತ್ತಿದ್ದೇನೆ?

ಅಲೆಮಾರಿ ಮೇಷ್ಟ್ರು, ಮೈಸೂರು

ಎಲ್ಲ ಕಡೆ ತಪ್ಪಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ.

ಐದು ರಾತ್ರಿಗೆ ಮೂರು ಊರು. ಪ್ರತಿ ಊರಲ್ಲೂ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಕೋಣೆ ಬಿಡಬೇಕು, ಮುಂದಿನ ಊರಲ್ಲಿ ಮಧ್ಯಾಹ್ನ ಎರಡು ಮೂರಕ್ಕೆ ಕೋಣೆ ಸಿಗುತ್ತದೆ. ಆ ನಡುವಿನ ಹೊತ್ತೆಲ್ಲ ಸೂಟ್‌ಕೇಸ್ ಕಾಯುವ ಕೆಲಸ. ನಾನು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿದ್ದವನು, ಇದನ್ನು ನಾವು ಪ್ರವಾಸ ಅನ್ನುವುದಿಲ್ಲ, ವರ್ಗಾವಣೆ ಅನ್ನುತ್ತೇವೆ.

ಇನ್ನು ವೆನಿಸ್. ಅಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಹೆಚ್ಚಿನವಕ್ಕೆ ಹತ್ತುವಾಗಲೂ ಮೆಟ್ಟಿಲು, ಇಳಿಯುವಾಗಲೂ ಮೆಟ್ಟಿಲು. ದೋಣಿ ಬಸ್ಸು ಇದೆ ನಿಜ, ಆದರೆ ಇಳಿದ ಮೇಲೆ ಹೋಟೆಲ್ ಬಾಗಿಲಿಗೆ ಹೋಗುವಷ್ಟರಲ್ಲಿ ಎರಡಾದರೂ ಸೇತುವೆ ದಾಟಿಸುತ್ತದೆ ಆ ಊರು. ಮೊಣಕಾಲು ನೋವಿನ ತಾಯಿಗೆ ಒಂದೇ ರಾತ್ರಿಯ ವೆನಿಸ್ ಬೇಡವೇ ಬೇಡ.

ಮಲ್ಲಿಗೆ ಮೊಗ್ಗು, ಬೆಂಗಳೂರು

ನಾನು ಈಸ್ಟರ್ ವಾರದಲ್ಲಿ ಅತ್ತೆ ಮಾವನ ಜೊತೆ ರೋಮ್‌ಗೆ ಹೋಗಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನೋ ಹಾಗಾಯಿತು. ಗುಡ್ ಫ್ರೈಡೇ ಸಂಜೆ ಕೊಲೋಸಿಯಮ್ ಹತ್ತಿರ ಪೋಪ್ ಅವರ ಶಿಲುಬೆ ಹಾದಿಯ ಪ್ರಾರ್ಥನೆ ಇರುತ್ತದೆ. ಸುತ್ತಲ ರಸ್ತೆ ಮುಚ್ಚುತ್ತಾರೆ. ನಾವು ಗೊತ್ತಿಲ್ಲದೆ ಅದೇ ಹೊತ್ತಿಗೆ ಹೋದೆವು. ಅತ್ತೆ ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತು "ಧರ್ಮಸ್ಥಳದ ಲಕ್ಷದೀಪಕ್ಕೆ ಬಂದ ಹಾಗಿದೆ, ದೇವರು ಮಾತ್ರ ಕಾಣ್ತಿಲ್ಲ" ಅಂದರು.

ಈಸ್ಟರ್ ಭಾನುವಾರ ಮನೆಮಂದಿಯೆಲ್ಲ ಕೂತು ಉಣ್ಣುವ ದಿನ. ಎಷ್ಟೋ ಸಣ್ಣ ಅಂಗಡಿ, ಊಟದ ಮನೆಗಳು ಬಾಗಿಲು ಹಾಕಿರುತ್ತವೆ. ಮರುದಿನ ಸೋಮವಾರ ಅಲ್ಲಿನವರೆಲ್ಲ ಬುತ್ತಿ ಕಟ್ಟಿಕೊಂಡು ಊರಾಚೆ ಹೋಗುವ ಹಬ್ಬ, ರೈಲು ತುಂಬಿರುತ್ತದೆ. ಕೋಣೆ ಬಾಡಿಗೆ ಕೇಳಲೇಬೇಡಿ. ಎರಡು ದಿನ ರಜೆ ಉಳಿಸಲು ಹೋಗಿ ದುಪ್ಪಟ್ಟು ದುಡ್ಡು ಕೊಡುತ್ತೀರಿ. ಒಂದು ವಾರ ಹಿಂದಕ್ಕೆ ಹಾಕಿ.

ಮಗ್ಗಿ ಪುಸ್ತಕ, ದಾವಣಗೆರೆ

ಇನ್ನೊಂದು ಗುಂಡಿ ಇದೆ. 2027ರಲ್ಲಿ ಈಸ್ಟರ್ ಬರುವುದು ಮಾರ್ಚ್ 28ಕ್ಕೆ. ಅದೇ ಮಾರ್ಚ್ ಕೊನೆಯ ಭಾನುವಾರ ಕೂಡ. ಅಂದರೆ ಯುರೋಪಿನಲ್ಲಿ ಗಡಿಯಾರ ಮುಂದೆ ಹಾಕುವ ದಿನ. ರಾತ್ರಿ ಎರಡು ಗಂಟೆಗೆ ಮೂರು ಗಂಟೆ ಆಗಿಬಿಡುತ್ತದೆ. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ, ಅವ್ವನ ಕೈಗಡಿಯಾರ ಬದಲಾಯಿಸಿಕೊಳ್ಳುವುದಿಲ್ಲ. ಅವತ್ತಿನಿಂದ ಊರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆ ಅಂತರ ಹೋಗಿ ಮೂರೂವರೆ ಆಗುತ್ತದೆ. ದಿನಾ ಫೋನ್ ಮಾಡುವ ಮನೆಯಾದರೆ ಮೊದಲೇ ಹೇಳಿಡಿ.

ಖಡಕ್ ರೊಟ್ಟಿ, ಮ್ಯೂನಿಕ್

ಗಡಿಯಾರದ ಸಂಗತಿ ಹೊಳೆದೇ ಇರಲಿಲ್ಲ. ಆಯಿತು, ಈಸ್ಟರ್ ಬೇಡ. ಮಾರ್ಚ್ 16 ಮಂಗಳವಾರದಿಂದ 21 ಭಾನುವಾರ ಅಂದುಕೊಳ್ಳೋಣ. ನಾಲ್ಕು ದಿನ ರಜೆ ಹಾಕುತ್ತೇನೆ. ಈಗ ಊರು? ಒಂದೇ ಊರು ಅಂದರೆ ರೋಮ್ ತಾನೇ?

ಫಿಲ್ಟರ್ ಕಾಪಿ, ಹಾಸನ

ಮತ್ತಿನ್ಯಾವುದು? ಇಟಲಿಗೆ ಹೋಗಿ ರೋಮ್ ನೋಡದೆ ಬರುವುದು ಅಂದರೆ ಕರ್ನಾಟಕಕ್ಕೆ ಬಂದು ಹಂಪಿ ಬಿಟ್ಟು ಹೋದ ಹಾಗೆ. ಅವರು ಮತ್ತೆ ಬರುತ್ತಾರೋ ಇಲ್ಲವೋ. ಊರಲ್ಲಿ ಯಾರಾದರೂ "ಏನು ನೋಡಿದಿರಿ" ಅಂತ ಕೇಳಿದಾಗ ಕೊಲೋಸಿಯಮ್ ಅನ್ನಬೇಕು. ಬೇರೆ ಯಾವ ಹೆಸರು ಹೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ. ಪ್ಯಾಂಥಿಯನ್ ಅನ್ನುವ ಪುರಾತನ ದೇವಾಲಯದ ಒಳಗೆ ಹೋಗಿ ಗುಮ್ಮಟದ ತೂತಿನಿಂದ ಬೀಳುವ ಬಿಸಿಲು ನೋಡಿದರೆ ಸಾಕು ಜೀವನಕ್ಕೆ. ಬೀದಿ ಬೀದಿಗೂ ಕುಡಿಯುವ ನೀರಿನ ನಲ್ಲಿ. ಮಾರ್ಚ್‌ನಲ್ಲಿ ಬಿಸಿಲೂ ಹಿತ.

ಅಲೆಮಾರಿ ಮೇಷ್ಟ್ರು, ಮೈಸೂರು

ಕಾಪಿಯವರೇ, ಹಂಪಿ ಉದಾಹರಣೆ ಚೆನ್ನಾಗಿದೆ. ಮೊಣಕಾಲು ನೋಯುವ ತಾಯಿಯನ್ನು ಎರಡೇ ದಿನದಲ್ಲಿ ಮಾತಂಗ ಬೆಟ್ಟದಿಂದ ವಿಠ್ಠಲ ದೇವಸ್ಥಾನದವರೆಗೂ ನಡೆಸುತ್ತೀರಾ? ರೋಮ್ ಹಳೇ ಭಾಗದ ರಸ್ತೆಗೆ ಕರಿಕಲ್ಲಿನ ಸಣ್ಣ ಗಟ್ಟಿ ಹಾಸಿದ್ದಾರೆ, ಸಾಂಪಿಯೆತ್ರೀನಿ ಅಂತಾರೆ. ಒಂದೊಂದು ಗಟ್ಟಿ ಒಂದೊಂದು ಎತ್ತರ. ಮಳೆ ಬಿದ್ದರೆ ಜಾರುತ್ತದೆ, ಮಾರ್ಚ್‌ನಲ್ಲಿ ಮಳೆ ಬಂದೇ ಬರುತ್ತದೆ. ಮ್ಯೂನಿಕ್‌ನಿಂದ ರೈಲಲ್ಲಿ ಹೋಗುವುದಾದರೆ ರೋಮ್ ದೂರ ಕೂಡ. ಅದಕ್ಕೆ ಬೇರೆಯೇ ಒಂದು ವಾರ ಬೇಕು.

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಲೇಬೇಕು. ನಾನು ಶಿವಮೊಗ್ಗದವಳು, ಬೊಲೋನ್ಯಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮೂರಿಗೆ ಬನ್ನಿ. ಹೇಳುತ್ತೇನೆ ಯಾಕೆ ಅಂತ.

ಈ ಊರಿನ ಬೀದಿಗಳ ಅಂಚಿಗೆ ಸೂರಿರುವ ಜಗಲಿ ಇದೆ. ಮನೆಯ ಮೊದಲ ಮಹಡಿ ರಸ್ತೆ ಕಡೆ ಚಾಚಿಕೊಂಡು ಕಂಬಗಳ ಮೇಲೆ ನಿಂತಿರುತ್ತದೆ, ಅದರ ಕೆಳಗೆ ನಾವು ನಡೆಯುತ್ತೇವೆ. ಇದಕ್ಕೇ ಪೋರ್ಟಿಕೊ ಅನ್ನುವುದು. ಎಲ್ಲ ಸೇರಿದರೆ ಸುಮಾರು 62 ಕಿಲೋಮೀಟರ್, 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಿಂದೆ ವಿಶ್ವವಿದ್ಯಾಲಯಕ್ಕೆ ಓದಲು ಬಂದವರಿಗೆ ಮನೆ ಸಾಲದೆ ಜನ ಮಹಡಿಯನ್ನು ಹೀಗೆ ಮುಂದಕ್ಕೆ ಎಳೆದು ಕಟ್ಟಿಕೊಂಡರು. ವಿಶ್ವವಿದ್ಯಾಲಯ ಶುರುವಾಗಿದ್ದು 1088ರಲ್ಲಿ ಅಂತ ಲೆಕ್ಕ. ನಮಗೆ ಈಗಲೂ ಮನೆ ಸಿಗುವುದಿಲ್ಲ, ಆ ಮಾತು ಬೇರೆ.

ಅವ್ವನಿಗೆ ಇದರಿಂದ ಆಗುವ ಲಾಭ ನೋಡಿ. ಮಳೆ ಬಂದರೂ ಕೊಡೆ ಬೇಡ. ಕೆಳಗೆ ನುಣುಪಾದ ಹಾಸು, ಊರ ನಡುವೆ ಬಹುಪಾಲು ಸಪಾಟು. ದಣಿವಾದರೆ ಕಂಬದ ಬುಡದ ಕಟ್ಟೆಯ ಮೇಲೆ ಕೂರಬಹುದು. ನಮ್ಮಮ್ಮ ಬಂದಾಗ ದಿನಾ ಸಂಜೆ ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಓಡಾಡಿದ ಹಾಗೆ ಓಡಾಡಿದರು. ಹೊರಗೆ ಜಿಟಿಜಿಟಿ ಮಳೆ, ಚಪ್ಪಲಿ ಒಣಗಿದ್ದೇ ಇತ್ತು.

ಸ್ಯಾನ್ ಲೂಕಾ ಗುಡ್ಡದ ಮೇಲಿನ ದೇವಸ್ಥಾನಕ್ಕೂ ಊರಿನಿಂದ ಪೋರ್ಟಿಕೊ ಹೋಗುತ್ತದೆ. 3.8 ಕಿಲೋಮೀಟರ್, 666 ಕಮಾನು. ಅದು ಮಾತ್ರ ನಡೆಯಲು ಹೋಗಬೇಡಿ, ಅರ್ಧ ದಾರಿಯ ಮೇಲೆ ಏರು, ಮೆಟ್ಟಿಲು. ದೊಡ್ಡ ಚೌಕದಿಂದ ಪ್ರವಾಸಿಗರ ಪುಟಾಣಿ ಗಾಡಿ ಹೋಗುತ್ತದೆ, ಅದರಲ್ಲಿ ಕೂರಿಸಿ. ಇಲ್ಲಿನ ಎರಡು ಗೋಪುರ ಕೆಳಗಿನಿಂದ ನೋಡುವುದಷ್ಟೇ. ವಾಲಿರುವ ಗರಿಸೆಂಡಾ ಸುತ್ತ 2023ರ ಅಕ್ಟೋಬರ್‌ನಿಂದ ಬೇಲಿ ಹಾಕಿದ್ದಾರೆ. ಪೀಸಾಗೆ ಹೋಗದೆಯೇ ವಾಲಿದ ಗೋಪುರ ಆಯಿತಲ್ಲ!

ಫಿಲ್ಟರ್ ಕಾಪಿ, ಹಾಸನ

ಅಂತೂ ಜಗಲಿ ನೋಡಲು ಇಟಲಿಗೆ.

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ಹೌದು ಸರ್, ಜಗಲಿ ನೋಡಲು. ನಿಮ್ಮ ರೋಮ್‌ನಲ್ಲಿ ಕೂರಲು ಜಾಗ ಸಿಕ್ಕಾಗ ಹೇಳಿ.

ಕುಂದಾಪ್ರ ಕುವರ, ಮಿಲಾನ್

ಜಗಲಿ ಒಪ್ಪಿದೆ. ಊಟ? ಬೊಲೋನ್ಯಾಗೆ ಇಲ್ಲಿನವರು "ಕೊಬ್ಬಿದ ಊರು" ಅಂತಾರೆ, ಸುಮ್ಮನೆ ಅಲ್ಲ. ಅಲ್ಲಿನ ತಾಜಾ ಪಾಸ್ತಾ ಅಂದರೆ ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ತಾಲ್ಯತೆಲ್ಲೆ, ಲಜಾನ್ಯ ಎರಡರಲ್ಲೂ ಮೊಟ್ಟೆ. ತೊರ್ತೆಲ್ಲಿನಿಯಲ್ಲಿ ಮೊಟ್ಟೆಯೂ ಉಂಟು, ಒಳಗೆ ಹಂದಿ ಮಾಂಸವೂ ಉಂಟು, ಅದು ತೇಲುವುದು ಮಾಂಸದ ಸಾರಿನಲ್ಲಿ. "ವೆಜಿಟೇರಿಯನ್" ಅಂತ ಕೇಳಿದರೆ ರಿಕೋತ್ತಾ ಚೀಸ್ ತುಂಬಿದ ತೊರ್ತೆಲ್ಲೋನಿ ತಂದು ಕೊಡುತ್ತಾರೆ. ಅವರ ಲೆಕ್ಕದಲ್ಲಿ ಸರಿ, ಅವ್ವನ ಲೆಕ್ಕದಲ್ಲಿ ತಪ್ಪು, ಹಾಳೆ ಮಾಡುವುದೇ ಮೊಟ್ಟೆ ಕಲಸಿ. ಬ್ರೆಡ್ಡಿನ ಬದಲು ಕೊಡುವ ಕ್ರೆಷೆಂತೀನೆ, ಪಿಯಾದೀನಾಗೆ ಹಂದಿ ಕೊಬ್ಬು ಹಾಕುವುದು ಹಳೇ ಪದ್ಧತಿ. ಸ್ತ್ರುತ್ತೊ ಅಂತ ಆ ಕೊಬ್ಬಿನ ಹೆಸರು. ಸಸ್ಯಾಹಾರಿಗಳು ಇಟಲಿಯಲ್ಲಿ ಮೊದಲು ಕಲಿಯಬೇಕಾದ ಪದ ಅದೇ ಅಂತ ನನ್ನ ಅಭಿಪ್ರಾಯ.

ಚೀಸ್ ಕಥೆಯೂ ಅಷ್ಟೇ. ಪಾರ್ಮಿಜಾನೊ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಅದನ್ನು ಅವ್ವನಿಗೆ ಹೇಳುವುದೋ ಬಿಡುವುದೋ ನಿಮ್ಮ ಮನೆ ವಿಚಾರ.

ಖಡಕ್ ರೊಟ್ಟಿ, ಮ್ಯೂನಿಕ್

ಹೇಳಲೇಬೇಕು. ಗೊತ್ತಿದ್ದೂ ಬಡಿಸಿದರೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾದರೆ ಬೊಲೋನ್ಯಾ ಕೈಬಿಡುವುದಾ?

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ಬಿಡಬೇಡಿ, ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿಯಿರಿ. ಕುವರ ಹೇಳಿದ್ದು ಪೂರ್ತಿ ನಿಜ, ಆದರೆ ಅದು ಅರ್ಧ ಕಥೆ.

ಅಂಗಡಿಯಲ್ಲಿ ಸಿಗುವ ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ, ನೀರು. ಹೊರಗೆ ಊಟಕ್ಕೆ ಹೋದಾಗ "ಪಾಸ್ತಾ ದಿ ಸೇಮೊಲಾ, ಸೆನ್‌ತ್ಸಾ ಉಓವಾ" ಅನ್ನಿ, ಅಂದರೆ ರವೆಯದ್ದು, ಮೊಟ್ಟೆ ಇಲ್ಲದ್ದು. ಸಾರಿಗೆ "ಸೆನ್‌ತ್ಸಾ ಬ್ರೋದೊ ದಿ ಕಾರ್ನೆ", ಅಂದರೆ ಮಾಂಸದ ಸಾರು ಇಲ್ಲದ್ದು. ಹೆಚ್ಚಿನ ಪಿಜ್ಜಾ ಅಂಗಡಿಗಳಲ್ಲಿ ಮರಿನಾರಾ ಇರುತ್ತದೆ. ಚೀಸ್ ಇಲ್ಲ, ಬರೀ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಉತ್ತರ ಕರ್ನಾಟಕದ ನಾಲಿಗೆಗೆ ಸ್ವಲ್ಪ ಸಪ್ಪೆ ಅನ್ನಿಸಬಹುದು, ಮೇಲೆ ಚಟ್ನಿಪುಡಿ ಉದುರಿಸಿಕೊಂಡರೆ ಮುಗಿಯಿತು. ನಮ್ಮಮ್ಮ ಹಾಗೇ ಮಾಡಿದ್ದು. ಪಕ್ಕದ ಮೇಜಿನವರು ಅದೇನು ಅಂತ ಕೇಳಿ ಇಸಿದುಕೊಂಡರು!

ಮಾರ್ಚ್ ಅಂದರೆ ತರಕಾರಿ ಸಂತೆಯಲ್ಲಿ ಆರ್ಟಿಚೋಕ್ ರಾಶಿ. ಮೆರ್ಕಾತೊ ದೆಲ್ಲೆ ಎರ್ಬೆ ಅನ್ನುವ ಮಾರುಕಟ್ಟೆ ಊರ ನಡುವೆಯೇ ಇದೆ. ಸ್ಟೇಷನ್ ಹಿಂದಿನ ಬೊಲೊನೀನಾ ಕಡೆ ಬಾಂಗ್ಲಾ, ಪಾಕಿಸ್ತಾನದವರ ಅಂಗಡಿಗಳಿವೆ, ಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಿಗುತ್ತದೆ. ಮೊಸರು ತೆಗೆಯುವಾಗ "ಬಿಯಾಂಕೊ" ಅಂತ ಇರುವುದನ್ನೇ ನೋಡಿ, ಆಮೇಲೆ ಡಬ್ಬಿ ತಿರುಗಿಸಿ ಸಕ್ಕರೆ ಹಾಕಿದ್ದಾರಾ ಓದಿ. ನಾನು ಮೊದಲ ವಾರ ವೆನಿಲ್ಲಾ ಮೊಸರನ್ನ ತಿಂದಿದ್ದೇನೆ. ಅಕ್ಕಿಗೆ "ರೀಸೊ ಒರಿಜಿನಾರಿಯೊ" ತೆಗೆದುಕೊಳ್ಳಿ. ಗುಂಡು ಕಾಳು, ಅಲ್ಲಿನವರು ಸೂಪಿಗೂ ಸಿಹಿಗೂ ಬಳಸುತ್ತಾರೆ. ಬೇಗ ಮೆತ್ತಗಾಗುತ್ತದೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗೆ.

ಖಡಕ್ ರೊಟ್ಟಿ, ಮ್ಯೂನಿಕ್

ಚಟ್ನಿಪುಡಿ ಚಿಂತೆಯೇ ಇಲ್ಲ. ಶೇಂಗಾ, ಗುರೆಳ್ಳು, ಅಗಸಿ ಮೂರೂ ಬರುತ್ತದೆ. ಖಡಕ್ ಜೋಳದ ರೊಟ್ಟಿ ಐವತ್ತು ಹೊತ್ತು ತರುತ್ತಾಳೆ, ಅದು ತಿಂಗಳಾದರೂ ಕೆಡುವುದಿಲ್ಲ.

ಮಲ್ಲಿಗೆ ಮೊಗ್ಗು, ಬೆಂಗಳೂರು

ಮನೆ ಹಿಡಿಯುವಾಗ ಎರಡು ಮಾತು. ಒಂದು, ಲಿಫ್ಟ್. ನಾವು ಹಿಡಿದ ಮನೆಯ ಜಾಹೀರಾತಿನಲ್ಲಿ ಲಿಫ್ಟ್ ಇತ್ತು. ಹೋಗಿ ನೋಡಿದರೆ ಲಿಫ್ಟ್ ಶುರುವಾಗುವುದೇ ಹದಿನೆಂಟು ಮೆಟ್ಟಿಲು ಹತ್ತಿದ ಮೇಲೆ. ಮಾವ ಆ ಮೆಟ್ಟಿಲನ್ನು ದಿನಾ ಎಣಿಸಿ ನನಗೆ ಒಪ್ಪಿಸುತ್ತಿದ್ದರು. ರಸ್ತೆಯಿಂದ ಮನೆ ಬಾಗಿಲಿನವರೆಗೆ ಒಟ್ಟು ಎಷ್ಟು ಮೆಟ್ಟಿಲು ಅಂತ ಮಾಲೀಕರಿಗೆ ಬರೆದು ಕೇಳಿ. ಎರಡು, 2025ರ ಜನವರಿಯಿಂದ ಇಂಥ ಬಾಡಿಗೆ ಮನೆಗಳಿಗೆ ಸಿನ್ ಅನ್ನುವ ಸರ್ಕಾರಿ ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಮುಟ್ಟಬೇಡಿ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಊರಿನ ತೆರಿಗೆ ಬೇರೆ ಇರುತ್ತದೆ. ಅಲ್ಲೇ ನಗದು ಕೇಳುವುದುಂಟು.

ಕುಂದಾಪ್ರ ಕುವರ, ಮಿಲಾನ್

ಚಳಿ ಬಗ್ಗೆ ಯಾರೂ ಹೇಳಲಿಲ್ಲ. ಮಾರ್ಚ್ ನಡುವೆ ಬೊಲೋನ್ಯಾದಲ್ಲಿ ಹಗಲು 13, 14 ಡಿಗ್ರಿ, ಬೆಳಗಿನ ಜಾವ 4, 5. ಮ್ಯೂನಿಕ್‌ನಿಂದ ಬರುವ ನಿಮಗೆ ಬೇಸಿಗೆ, ವಿಜಯಪುರದಿಂದ ಬಂದವರಿಗೆ ಅಲ್ಲ. ಇಟಲಿಯಲ್ಲಿ ಮನೆ ಬಿಸಿ ಮಾಡುವುದಕ್ಕೂ ಕಾನೂನು ಉಂಟು. ದೇಶವನ್ನು ಚಳಿಯ ಲೆಕ್ಕದಲ್ಲಿ ವಲಯ ಮಾಡಿದ್ದಾರೆ. ಬೊಲೋನ್ಯಾ, ಮಿಲಾನ್ ಕಡೆ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ದಿನಕ್ಕೆ ಹೆಚ್ಚೆಂದರೆ 14 ಗಂಟೆ. ರೋಮ್, ಫ್ಲಾರೆನ್ಸ್‌ನಲ್ಲಿ 12 ಗಂಟೆ. ನೇಪಲ್ಸ್‌ನಲ್ಲಿ 10 ಗಂಟೆ, ಅದೂ ಮಾರ್ಚ್ 31ಕ್ಕೆ ಬಂದ್. ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಹೀಟರ್ ತಣ್ಣಗಾದರೆ ಕೆಟ್ಟಿದೆ ಅಂತ ಮಾಲೀಕರಿಗೆ ಫೋನ್ ಮಾಡಬೇಡಿ. ಒಂದು ಕಂಬಳಿ ಜಾಸ್ತಿ ಕೇಳಿ ಇಟ್ಟುಕೊಳ್ಳಿ.

ಕೋಣೆ ದರದ ಬಗ್ಗೆ ಇನ್ನೊಂದು. ಬೊಲೋನ್ಯಾದಲ್ಲಿ ವಸಂತದ ಹೊತ್ತಿಗೆ ದೊಡ್ಡ ವ್ಯಾಪಾರ ಮೇಳಗಳಿರುತ್ತವೆ. ಸೌಂದರ್ಯ ಸಾಮಗ್ರಿಯ ಕೋಸ್ಮೊಪ್ರೊಫ್, ಮಕ್ಕಳ ಪುಸ್ತಕ ಮೇಳ ಎರಡೂ ಮಾರ್ಚ್, ಏಪ್ರಿಲ್ ಆಸುಪಾಸು. ಆ ದಿನಗಳಲ್ಲಿ ಸಾಧಾರಣ ಕೋಣೆಗೂ ಅರಮನೆ ಬಾಡಿಗೆ. ಕಾದಿರಿಸುವ ಮೊದಲು ಮೇಳದ ತಾರೀಕು ನೋಡಿ, ಅಡ್ಡ ಬಂದರೆ ವಾರ ಬದಲಿಸಿ.

ಹೊಸಬ, ತುಮಕೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇವರ ಅಮ್ಮನಿಗೆ ಜರ್ಮನಿಯ ವೀಸಾ ಇರುತ್ತದೆ ಅಲ್ವಾ? ಅದರಲ್ಲಿ ಇಟಲಿಗೆ ಬಿಡುತ್ತಾರಾ? ನೇರವಾಗಿ ಬೆಂಗಳೂರಿಂದ ಹೋಗುವ ನಮಗೆ ಹೇಗೆ?

ಕುಂದಾಪ್ರ ಕುವರ, ಮಿಲಾನ್

ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ ಆದರೆ ಬಿಡುತ್ತಾರೆ, ದಿನಗಳು ಉಳಿದಿರಬೇಕಷ್ಟೇ. ಜರ್ಮನಿಯಿಂದ ಇಟಲಿಗೆ ಹೋಗಿ ಬಂದರೆ ಶೆಂಗೆನ್ ಬಿಟ್ಟು ಹೊರಗೆ ಹೋದ ಹಾಗಲ್ಲ, ಒಂದೇ ಪ್ರವೇಶದ ವೀಸಾ ಆದರೂ ಸಾಕು. ಹಾಗಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಆಸ್ಟ್ರಿಯಾ, ಇಟಲಿ ನಡುವಿನ ಬ್ರೆನ್ನರ್ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ನೋಡುವುದುಂಟು, ಹೋಟೆಲಿನವರೂ ಕೇಳುತ್ತಾರೆ. ಮಗನ ರೆಸಿಡೆನ್ಸ್ ಕಾರ್ಡೂ ಜೇಬಿನಲ್ಲಿರಲಿ.

ಬೆಂಗಳೂರಿಂದಾದರೆ ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಆರು ತಿಂಗಳ ಮೊದಲಿಂದ ಹಾಕಬಹುದು, ಹದಿನೈದು ದಿನಕ್ಕಿಂತ ಹತ್ತಿರ ಬಂದರೆ ತೆಗೆದುಕೊಳ್ಳುವುದಿಲ್ಲ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಮಧ್ಯವರ್ತಿ ಕೇಂದ್ರದ ಸೇವಾ ಶುಲ್ಕ ಬೇರೆ. ವಿಮೆ ಕಡಿಮೆ ಅಂದರೆ 30,000 ಯೂರೊಗೆ. ಮಾರ್ಚ್‌ಗೆ ಹೋಗುವವರು ಡಿಸೆಂಬರ್ ದಾಟಿಸಬೇಡಿ.

ಅಲೆಮಾರಿ ಮೇಷ್ಟ್ರು, ಮೈಸೂರು

ರೈಲು ವಿಚಾರಕ್ಕೆ ಬರೋಣ. ಮ್ಯೂನಿಕ್‌ನಿಂದ ಬೊಲೋನ್ಯಾಗೆ ನೇರ ಯೂರೊಸಿಟಿ ಇದೆ, ಏಳು ಗಂಟೆ ಹತ್ತಿರ. ವಿಮಾನಕ್ಕಿಂತ ನಿಧಾನ, ಆದರೆ ಅವ್ವನಿಗೆ ಇದೇ ಅರ್ಧ ಪ್ರವಾಸ. ಇನ್ಸ್‌ಬ್ರುಕ್ ದಾಟಿದ ಮೇಲೆ ರೈಲು ಬ್ರೆನ್ನರ್ ಕಣಿವೆ ಏರುತ್ತದೆ, ಮಾರ್ಚ್‌ನಲ್ಲಿ ಎರಡೂ ಕಡೆ ಹಿಮ ಇನ್ನೂ ಇರುತ್ತದೆ. ಇಳಿಯುತ್ತಾ ಹೋದ ಹಾಗೆ ಬೊಲ್ಜಾನೊ, ತ್ರೆಂತೊ. ಹಿಮ ಹೋಗಿ ದ್ರಾಕ್ಷಿ ತೋಟ ಶುರುವಾಗುತ್ತದೆ. ವಿಜಯಪುರದವರಿಗೆ ದ್ರಾಕ್ಷಿ ಬಳ್ಳಿ ತೋರಿಸಬೇಕಾಗಿಲ್ಲ, ಬೋಳು ಬಳ್ಳಿ ನೋಡಿ "ಚಾಟನಿ ಮಾಡ್ಯಾರ", ಅಂದರೆ ಬಳ್ಳಿ ಕತ್ತರಿಸಿದ್ದಾರೆ, ಅನ್ನುತ್ತಾರೆ ನೋಡಿ. ಟಿಕೆಟ್ ಬೇಗ ತೆಗೆದರೆ ಅಗ್ಗ. ಆ ದಾರಿಯಲ್ಲಿ ಹಳಿ ಕೆಲಸಕ್ಕೆ ರೈಲು ನಿಲ್ಲಿಸುವುದುಂಟು, ಅದನ್ನು ನೋಡಿಕೊಂಡು ತೆಗೆಯಿರಿ.

ಬೊಲೋನ್ಯಾ ಸ್ಟೇಷನ್‌ನಲ್ಲಿ ಒಂದು ಗಡಿಯಾರ 10:25ಕ್ಕೆ ನಿಂತಿದೆ. ಕೆಟ್ಟಿದ್ದಲ್ಲ. 1980ರ ಆಗಸ್ಟ್ 2ರಂದು ಅಲ್ಲಿ ಬಾಂಬ್ ಸಿಡಿದು 85 ಜನ ಸತ್ತರು, ಆ ಹೊತ್ತು ಅದು. ಪಕ್ಕದಲ್ಲೇ ಹೆಸರುಗಳನ್ನು ಕೆತ್ತಿದ್ದಾರೆ. ಒಂದು ನಿಮಿಷ ನಿಂತು ಹೋಗಿ.

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ಇಲ್ಲಿಂದ ಒಂದು ದಿನಕ್ಕೆ ಹೋಗಿ ಬರುವುದಾದರೆ ರವೆನ್ನಾ, ಕಣ್ಣು ಮುಚ್ಚಿಕೊಂಡು. ಸಾಮಾನ್ಯ ರೈಲಲ್ಲಿ ಒಂದೂಕಾಲು ಗಂಟೆ, ಹತ್ತು ಯೂರೊ ಒಳಗೆ. ಈ ರೈಲುಗಳಿಗೆ ದರ ಏರಿಳಿತ ಇಲ್ಲ, ಅವತ್ತೇ ತೆಗೆಯಬಹುದು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಹತ್ತಿರದ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಫೋನ್ ಟಿಕೆಟ್ ಆದರೆ ಚೆಕ್ ಇನ್ ಒತ್ತಬೇಕು. ನಾನು ಮೊದಲ ತಿಂಗಳು ಮರೆತು ದಂಡ ಕಟ್ಟಿದ್ದೇನೆ. ಟಿಕೆಟ್ ಕೈಯಲ್ಲಿ ಹಿಡಿದುಕೊಂಡೇ ದಂಡ ಕಟ್ಟುವ ಸಂಕಟ ಯಾರಿಗೂ ಬೇಡ.

ರವೆನ್ನಾ ಊರು ಅಂಗೈ ಹಾಗೆ ಸಪಾಟು. ಅಲ್ಲಿ ಗಾಲ್ಲಾ ಪ್ಲಾಚಿದಿಯಾ ಸಮಾಧಿ ಅಂತ ಐದನೇ ಶತಮಾನದ ಒಂದು ಪುಟ್ಟ ಇಟ್ಟಿಗೆ ಕಟ್ಟಡ ಇದೆ. ಹೊರಗಿನಿಂದ ನೋಡಿದರೆ ಪಂಪ್‌ಹೌಸ್ ಅನ್ನಬೇಕು. ಬಾಗಿ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಿಟಕಿಗೆ ಗಾಜಿಲ್ಲ, ತೆಳ್ಳಗಿನ ಅಲಬಾಸ್ಟರ್ ಕಲ್ಲಿನ ಹಾಳೆ, ಅದರಿಂದ ಜೇನುಬಣ್ಣದ ಬೆಳಕು ಬರುತ್ತದೆ. ಕಣ್ಣು ಹೊಂದಿಕೊಂಡ ಹಾಗೆ ತಲೆ ಮೇಲೆ ಕಡುನೀಲಿ ಆಕಾಶ ತೆರೆದುಕೊಳ್ಳುತ್ತದೆ, ತುಂಬಾ ಚಿನ್ನದ ನಕ್ಷತ್ರ. ಎಲ್ಲ ಸಣ್ಣ ಸಣ್ಣ ಗಾಜಿನ ಚೂರು. ಐದು ನಿಮಿಷ ಮಾತ್ರ ಬಿಡುತ್ತಾರೆ, ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. ಆ ಐದು ನಿಮಿಷಕ್ಕೆ ಫೋನ್ ಜೇಬಲ್ಲಿಡಿ. ಪಕ್ಕದಲ್ಲೇ ಸ್ಯಾನ್ ವಿತಾಲೆ ಚರ್ಚು, 547ರದ್ದು, ಅಲ್ಲಿ ಬೇಕಾದಷ್ಟು ಹೊತ್ತು ಕೂರಬಹುದು.

ಹೆಚ್ಚು ನಡೆಯದೆ ಕವಿ ದಾಂತೆಯ ಸಮಾಧಿಯೂ ಸಿಗುತ್ತದೆ. ಫ್ಲಾರೆನ್ಸ್‌ನವರು ಗಡೀಪಾರು ಮಾಡಿದರು, ಆತ 1321ರಲ್ಲಿ ಇಲ್ಲಿ ತೀರಿಕೊಂಡ. ಫ್ಲಾರೆನ್ಸ್‌ನಲ್ಲಿ ಆಮೇಲೆ ಕಟ್ಟಿದ ಗೋರಿ ಇದೆ, ಒಳಗೆ ಖಾಲಿ.

ಫಿಲ್ಟರ್ ಕಾಪಿ, ಹಾಸನ

ಫ್ಲಾರೆನ್ಸಾದರೂ ತೋರಿಸಿ ಮಾರಾಯ್ರೆ. ವೇಗದ ರೈಲಲ್ಲಿ ನಲವತ್ತು ನಿಮಿಷ.

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ನಲವತ್ತು ನಿಮಿಷ ನಿಜ, ಬಹುಪಾಲು ಸುರಂಗ. ಆ ರೈಲು ಹಿಡಿಯಲು ಬೊಲೋನ್ಯಾದಲ್ಲಿ ನೆಲದಡಿಯ ಪ್ಲಾಟ್‌ಫಾರ್ಮ್‌ಗೆ ಇಳಿಯಬೇಕು, ಅದಕ್ಕೆ ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ. ಫ್ಲಾರೆನ್ಸ್ ಬೇಡ ಅನ್ನುವುದಿಲ್ಲ. ಆದರೆ ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಉಫ್ಫೀತ್ಸಿ ಚಿತ್ರಶಾಲೆಯಲ್ಲಿ ಕಾಲು ಬಿದ್ದುಹೋಗುವಷ್ಟು ನಡೆಯಬೇಕು. ಮೊಣಕಾಲಿನ ಅಭಿಪ್ರಾಯ ಕೇಳಿ ತೀರ್ಮಾನಿಸಿ.

ಮಗ್ಗಿ ಪುಸ್ತಕ, ದಾವಣಗೆರೆ

ತಾರೀಕು ನೋಡುತ್ತಿದ್ದೆ. ಮಾರ್ಚ್ 20 ಶನಿವಾರ ಹಗಲು ರಾತ್ರಿ ಸಮ ಆಗುವ ದಿನ. ಬೊಲೋನ್ಯಾದಲ್ಲಿ ಇರುವವರು ಅವತ್ತು ಮಧ್ಯಾಹ್ನ ಸ್ಯಾನ್ ಪೆತ್ರೋನಿಯೊ ಚರ್ಚಿನ ಒಳಗಿರಬೇಕು. ಅದರ ನೆಲದಲ್ಲಿ 67 ಮೀಟರ್ ಉದ್ದದ ಹಿತ್ತಾಳೆ ಗೆರೆ ಇದೆ. ಖಗೋಳಶಾಸ್ತ್ರಜ್ಞ ಕಸ್ಸೀನಿ 1655ರಲ್ಲಿ ಹಾಕಿಸಿದ್ದು. 27 ಮೀಟರ್ ಎತ್ತರದಲ್ಲಿ ಸೂರಿಗೆ ಒಂದು ಸಣ್ಣ ತೂತು. ಸೂರ್ಯ ನೆತ್ತಿಗೆ ಬಂದಾಗ ಅದರಿಂದ ಬಿದ್ದ ಬೆಳಕಿನ ಬಿಲ್ಲೆ ಆ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ತೂತಿನ ಕಡೆಯ ತುದಿ ಹತ್ತಿರ, ಚಳಿಗಾಲದಲ್ಲಿ ದೂರದ ತುದಿಗೆ. ವರ್ಷದ ಉದ್ದ ಸರಿಯಾಗಿದೆಯಾ ಅಂತ ಅಳೆಯಲು ಮಾಡಿದ ಉಪಕರಣ ಅದು, ದೇವಸ್ಥಾನವೇ ಉಪಕರಣ.

ಮಾರ್ಚ್ ನಡುವಿನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12:20ಕ್ಕೆ. ಈಸ್ಟರ್ ವಾರ ಹೋಗಿದ್ದರೆ ಗಡಿಯಾರ ಬದಲಾಗಿ 1:20 ಆಗುತ್ತಿತ್ತು. ಮೋಡ ಇದ್ದರೆ ಏನೂ ಕಾಣುವುದಿಲ್ಲ. ಬಾಗಿಲು ತೆರೆದಿರುವ ಹೊತ್ತನ್ನೂ ಮೊದಲೇ ನೋಡಿಕೊಳ್ಳಿ.

ವಿಜಯಪುರದವರಿಗೆ ಒಂದು ಕೊಸರು: ಕಸ್ಸೀನಿ ಗೆರೆ ಎಳೆಸಿದ ಮರುವರ್ಷ, 1656ರಲ್ಲಿ ಮಹಮ್ಮದ್ ಆದಿಲ್‌ಶಾ ತೀರಿಕೊಂಡ. ಅಂದರೆ ನಿಮ್ಮ ಗೋಳಗುಮ್ಮಟ, ಆ ಗೆರೆ ಎರಡೂ ಒಂದೇ ಕಾಲದವು.

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ಅಯ್ಯೋ, ಗೋಳಗುಮ್ಮಟ ಅಂದ ತಕ್ಷಣ ನೆನಪಾಯಿತು! ದೊಡ್ಡ ಚೌಕದ ಪಕ್ಕದಲ್ಲೇ ಪೊದೆಸ್ತಾ ಅರಮನೆ ಕೆಳಗೆ ಒಂದು ಕಮಾನು ಮಂಟಪ ಇದೆ. ನಾಲ್ಕು ಮೂಲೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಕಿವಿ ಇಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ನಡುವೆ ಜನ ಓಡಾಡುತ್ತಿರುತ್ತಾರೆ, ಅವರಿಗೆ ಏನೂ ಕೇಳುವುದಿಲ್ಲ. ಗೋಳಗುಮ್ಮಟದಲ್ಲಿ ಆ ಗ್ಯಾಲರಿಗೆ ಹೋಗಲು ಮೆಟ್ಟಿಲು ಹತ್ತಿ ಹತ್ತಿ ಸಾಯಬೇಕು, ಇಲ್ಲಿ ನೆಲದ ಮೇಲೇ.

ಕುಂದಾಪ್ರ ಕುವರ, ಮಿಲಾನ್

ಒಂದು ಎಚ್ಚರಿಕೆ. ರೈಲು ಮುಷ್ಕರ ಇಲ್ಲಿ ಆಗಾಗ ಇದ್ದದ್ದೇ, ಅದರಲ್ಲೂ ಶುಕ್ರವಾರ. ಮೊದಲೇ ತಾರೀಕು ಹೇಳಿ ಮಾಡುತ್ತಾರೆ, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ಪಟ್ಟಿ ಇರುತ್ತದೆ. ವಾರದ ದಿನವಾದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಸಾಮಾನ್ಯ ರೈಲು ಕೆಲವಾದರೂ ಓಡಿಸಲೇಬೇಕು ಅಂತ ನಿಯಮ. ರವೆನ್ನಾಗೆ ಶುಕ್ರವಾರ ಇಟ್ಟುಕೊಳ್ಳಬೇಡಿ.

ಶುಕ್ರವಾರ 19 ಸಂತ ಜೋಸೆಫ್ ಹಬ್ಬ, ಇಲ್ಲಿನ ಅಪ್ಪಂದಿರ ದಿನ. ಬೊಲೋನ್ಯಾದ ಬೇಕರಿಗಳಲ್ಲಿ ರಾವಿಯೋಲೆ ಅಂತ ಕರ್ಜಿಕಾಯಿ ಆಕಾರದ ತಿಂಡಿ ಇಟ್ಟಿರುತ್ತಾರೆ. ನೋಡಿ ಆಸೆ ಪಡಬೇಡಿ, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ನೀವೊಬ್ಬರೇ ತಿನ್ನಿ.

ಖಡಕ್ ರೊಟ್ಟಿ, ಮ್ಯೂನಿಕ್

ಎಲ್ಲರಿಗೂ ಶರಣು. ಐದು ರಾತ್ರಿಯೂ ಬೊಲೋನ್ಯಾ. ಮಂಗಳವಾರ ರೈಲು. ಬುಧವಾರ ಏನೂ ಇಲ್ಲ, ಜಗಲಿ, ಸಂತೆ, ನಿದ್ದೆ. ಗುರುವಾರ ರವೆನ್ನಾ. ಶುಕ್ರವಾರ ಸ್ಯಾನ್ ಲೂಕಾ, ಪುಟಾಣಿ ಗಾಡಿಯಲ್ಲಿ. ಶನಿವಾರ 12:20ಕ್ಕೆ ಬೆಳಕಿನ ಬಿಲ್ಲೆ. ಭಾನುವಾರ ವಾಪಸ್. ಫ್ಲಾರೆನ್ಸ್ ಕೈಬಿಟ್ಟೆ, ಕಾಪಿಯವರು ಮನ್ನಿಸಬೇಕು. ಮೇಳದ ತಾರೀಕು ನೋಡಿ ಮನೆ ಕಾದಿರಿಸುತ್ತೇನೆ, ಮೆಟ್ಟಿಲು ಎಷ್ಟು ಅಂತ ಇಬ್ಬರು ಮಾಲೀಕರಿಗೆ ಬರೆದಿದ್ದೇನೆ. ಒಬ್ಬರು "ಕೆಲವೇ" ಅಂತ ಉತ್ತರಿಸಿದ್ದಾರೆ, ಅವರ ಮನೆ ಬೇಡ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೀಲಿ ಗುಮ್ಮಟದ ಫೋಟೊ ಕಳಿಸಿದೆ. ರೋಮ್ ತಪ್ಪಿದ್ದಕ್ಕೆ ಅವಳಿಗೆ ಏನೂ ಅನ್ನಿಸಲಿಲ್ಲ. ಪಿಸುಮಾತಿನ ಮೂಲೆ ಬಗ್ಗೆ ಮಾತ್ರ ವಿಚಾರಣೆ ಆಯಿತು.

"ಎಷ್ಟ ಸಲ ಕೇಳಸ್ತದ ಅಲ್ಲೆ?"

"ಒಂದ ಸಲ, ಅವ್ವ."

"ಒಂದ? ನಮ್ಮ ಗುಮ್ಮಟದಾಗ ಏಳ ಸಲ ಕೇಳಸ್ತದ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇರಲಿ ಬಿಡು, ಮೆಟ್ಲಾ ಇಲ್ಲಲ್ಲ. ನೋಡೂಣಂತ."

ಪೋರ್ಟಿಕೊ ಕೆಳಗೆ, ಬೊಲೋನ್ಯಾ

ಬುಧವಾರ ಸಂಜೆ ನಾನು ಫ್ರೀ ಇರುತ್ತೇನೆ. ಎದುರು ಮೂಲೆಯಲ್ಲಿ ಕಿವಿ ಇಡಲು ಒಬ್ಬರು ಬೇಕಲ್ಲ. ಗುರೆಳ್ಳು ಚಟ್ನಿ ಸ್ವಲ್ಪ ಜಾಸ್ತಿ ಕಟ್ಟಿಸಿ.